ಶಾಸನಸಭೆಯ ಲಿಖಿತ ಪ್ರಶ್ನೆ ಮತ್ತು ವರ್ತಕರ ಬಾಕಿ ಬಿಲ್ಲು

ಸರ್ಕಾರಕ್ಕೆ ಮನವಿ ಸಲ್ಲಿಸುವುದು ವಾಣಿಜ್ಯ ಸಂಸ್ಥೆಗಳ ನಿತ್ಯದ ಕಾರ್ಯಗಳಲ್ಲೊಂದು. ಸಚಿವರು ಊರಿಗೆ ಬಂದಾಗ ಹಾರ ಹಾಕಿ, ಮನವಿಪತ್ರ ನೀಡಿ, ಛಾಯಾಚಿತ್ರ ತೆಗೆಸಿಕೊಂಡರೆ ಆ ದಿನದ ಕೆಲಸ ಮುಗಿಯಿತು. ಮನವಿಯ ಮೇಲೆ ‘ಪರಿಶೀಲಿಸಿ’ ಎಂದು ಬರೆದು ಸಹಿ ಮಾಡಿದ ಸಚಿವರು ಅದಕ್ಕೆ ಉತ್ತರ ಕೊಡಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಅದೇ ವಿಷಯವನ್ನು ಶಾಸಕರೊಬ್ಬರು ಸದನದ ಸಚಿವಾಲಯಕ್ಕೆ ಪ್ರಶ್ನೆಯಾಗಿ ಬರೆದುಕೊಟ್ಟು, ಅದು ಅಂಗೀಕೃತವಾದರೆ, ನಿಗದಿತ ದಿನದಂದು ಸಚಿವರು ತಮ್ಮ ಹೆಸರಿನಲ್ಲಿ ಲಿಖಿತ ಉತ್ತರ ನೀಡಬೇಕಾಗುತ್ತದೆ. ಈ ವ್ಯತ್ಯಾಸವನ್ನು ನಮ್ಮ ಭಾಗದ ವರ್ತಕರೂ ಕಿರು ಉದ್ದಿಮೆದಾರರೂ ಇನ್ನೂ ಸಾಕಷ್ಟು ಗಮನಿಸಿಲ್ಲ.

ಈ ಪದ್ಧತಿಯ ಮೂಲದಲ್ಲಿಯೇ ವರ್ತಕರ ಸಂಬಂಧವಿದೆ. ಶಾಸನಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ದೊರೆತದ್ದು 1892ರ ಭಾರತೀಯ ಕೌನ್ಸಿಲುಗಳ ಕಾಯ್ದೆಯಿಂದ. ಮರುವರ್ಷ, ಅಂದರೆ 1893ರ ಫೆಬ್ರವರಿಯಲ್ಲಿ, ಭಿಂಗಾ ಸಂಸ್ಥಾನದ ರಾಜರು ಕೇಳಿದ ಮೊದಲ ಪ್ರಶ್ನೆಯ ವಿಷಯವೆಂದರೆ, ಪ್ರವಾಸ ಹೊರಟ ಸರ್ಕಾರಿ ಅಧಿಕಾರಿಗಳ ಪರಿವಾರಕ್ಕೆ ಸಾಮಾನು ಒದಗಿಸಬೇಕಾಗಿದ್ದ ಹಳ್ಳಿಯ ಅಂಗಡಿಕಾರರು ಪಡುತ್ತಿದ್ದ ಕಷ್ಟ. ಸರ್ಕಾರಕ್ಕೆ ಸಾಮಾನು ಕೊಟ್ಟವನ ಸಂಕಟ ಅಂದೂ ಇತ್ತು, ಇಂದೂ ಇದೆ. ಆ ಕಾಲದಲ್ಲಿ ಸರ್ಕಾರ ಕೊಟ್ಟ ಉತ್ತರದ ಮೇಲೆ ಮರುಪ್ರಶ್ನೆ ಕೇಳುವ ಅವಕಾಶವಿರಲಿಲ್ಲ. 1909ರ ಸುಧಾರಣೆಯಿಂದ ಮೂಲಪ್ರಶ್ನೆ ಕೇಳಿದ ಸದಸ್ಯನಿಗೆ ಮಾತ್ರ ಉಪಪ್ರಶ್ನೆಯ ಹಕ್ಕು ಬಂದಿತು. 1919ರ ಸುಧಾರಣೆಯ ನಂತರ ಅದು ಎಲ್ಲ ಸದಸ್ಯರಿಗೂ ವಿಸ್ತರಿಸಿತು. ಬೈಲಹೊಂಗಲ, ಕಿತ್ತೂರು, ಸವದತ್ತಿಗಳ ಪ್ರತಿನಿಧಿಗಳು 1956ರವರೆಗೆ ಮುಂಬಯಿಗೆ ಹೋಗಿ ಕುಳಿತುಕೊಳ್ಳಬೇಕಾಗಿತ್ತು. ರಾಮದುರ್ಗವಂತೂ 1948ರವರೆಗೆ ಪ್ರತ್ಯೇಕ ಸಂಸ್ಥಾನ. ಇಂದು ಕಿತ್ತೂರಿನಿಂದ ಹೆದ್ದಾರಿಯಲ್ಲಿ ಹೊರಟರೆ ಬೆಳಗಾವಿ ಊರು ಮುಟ್ಟುವ ಮೊದಲೇ, 2012ರ ಅಕ್ಟೋಬರಿನಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದ ಸುವರ್ಣ ವಿಧಾನಸೌಧ ಎದುರಾಗುತ್ತದೆ. ಸದನ ಹತ್ತಿರ ಬಂದಿದೆ. ಅದನ್ನು ಬಳಸುವ ವಿಧಾನವೂ ತಿಳಿದಿರಬೇಕು.

ಎರಡು ಬಗೆಯ ಪ್ರಶ್ನೆಗಳು

ಚುಕ್ಕೆ ಗುರುತಿನ ಪ್ರಶ್ನೆ ಮತ್ತು ಚುಕ್ಕೆ ಗುರುತಿಲ್ಲದ ಪ್ರಶ್ನೆ ಎಂದು ಎರಡು ಬಗೆಗಳಿವೆ. ಮೊದಲನೆಯದಕ್ಕೆ ಸಚಿವರು ಸದನದಲ್ಲಿ ಎದ್ದುನಿಂತು ಉತ್ತರಿಸುತ್ತಾರೆ ಮತ್ತು ಉಪಪ್ರಶ್ನೆಗಳನ್ನು ಎದುರಿಸುತ್ತಾರೆ. ಎರಡನೆಯದಕ್ಕೆ ಲಿಖಿತ ಉತ್ತರ ಮಾತ್ರ. ಅದನ್ನು ಸದನದ ಮುಂದೆ ಮಂಡಿಸಲಾಗುತ್ತದೆ, ಉಪಪ್ರಶ್ನೆಗೆ ಅವಕಾಶವಿಲ್ಲ. ಲೋಕಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಹಾಗೂ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಪಟ್ಟಿಯಲ್ಲಿ ಸ್ಥಾನವಿದೆ. ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಕಾಣಿಸಿಕೊಳ್ಳುವುದು ಮೊದಲ ಬಗೆಯೇ. ಆದರೆ ಅಂಕಿಅಂಶ ಬೇಕಾದವನಿಗೆ ಎರಡನೆಯ ಬಗೆಯೇ ಹೆಚ್ಚು ಲಾಭದಾಯಕ. ಗದ್ದಲದಿಂದ ಪ್ರಶ್ನೋತ್ತರ ಕಲಾಪವೇ ನಡೆಯದೆ ಹೋದ ದಿನವೂ ಲಿಖಿತ ಉತ್ತರ ದಾಖಲೆಗೆ ಸೇರುತ್ತದೆ. ಕೋವಿಡ್ ನಿಮಿತ್ತ 2020ರ ಸೆಪ್ಟೆಂಬರಿನಲ್ಲಿ ಸಂಸತ್ತಿನ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಾಗಲೂ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಉತ್ತರಗಳು ಬಂದವು.

ಸಚಿವರ ಈ ಹೊಣೆಗೆ ಸಂವಿಧಾನದ ಆಧಾರವಿದೆ. ರಾಜ್ಯ ಸಚಿವ ಸಂಪುಟವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕದ್ದೆಂದು 164ನೆಯ ಅನುಚ್ಛೇದದ 2ನೆಯ ಖಂಡ ಹೇಳುತ್ತದೆ. ವಿಧಾನಪರಿಷತ್ತಿಗೆ ಸರ್ಕಾರವನ್ನು ಕೆಳಗಿಳಿಸುವ ಅಧಿಕಾರವಿಲ್ಲವಾದರೂ ಪ್ರಶ್ನೆ ಕೇಳುವ ಅಧಿಕಾರವಿದೆ. ಆದುದರಿಂದ ಬೈಲಹೊಂಗಲದ ವರ್ತಕನೊಬ್ಬನಿಗೆ ತನ್ನ ಕ್ಷೇತ್ರದ ಶಾಸಕರಲ್ಲದೆ, ಬೆಳಗಾವಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದಲೂ ವಾಯವ್ಯ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಿಂದಲೂ ಆಯ್ಕೆಯಾದ ಪರಿಷತ್ ಸದಸ್ಯರೂ ಇದ್ದಾರೆ. ಆಡಳಿತ ಪಕ್ಷದ ಸದಸ್ಯರು ಪ್ರಶ್ನೆ ಕೇಳಲಾರರೆಂಬ ಭಾವನೆ ತಪ್ಪು. ಸಚಿವರಲ್ಲದ ಯಾವ ಸದಸ್ಯರೂ ಕೇಳಬಹುದು.

ಉತ್ತರ ಎಲ್ಲಿ ಸಿದ್ಧವಾಗುತ್ತದೆ

ಪ್ರಶ್ನೆ ಅಂಗೀಕೃತವಾದೊಡನೆ ಅದು ಸದನದ ಸಚಿವಾಲಯದಿಂದ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಆಯುಕ್ತರು ಅಥವಾ ನಿರ್ದೇಶಕರಿಗೆ, ಅಲ್ಲಿಂದ ಜಿಲ್ಲಾ ಅಧಿಕಾರಿಗೆ, ಕೊನೆಗೆ ತಾಲ್ಲೂಕು ಕಚೇರಿಗೆ ಇಳಿಯುತ್ತದೆ. ‘ಎಲ್‌.ಎ. ಪ್ರಶ್ನೆ, ಅತಿ ಜರೂರು’ ಎಂಬ ಒಕ್ಕಣೆ ಬಂದ ದಿನ ಆ ಕಚೇರಿಯಲ್ಲಿ ಬೇರೆ ಕೆಲಸ ನಡೆಯುವುದಿಲ್ಲ. ತಾಲ್ಲೂಕಿನಿಂದ ಹೊರಟ ಅಂಕಿಗಳು ಅದೇ ಮೆಟ್ಟಿಲುಗಳನ್ನು ಹತ್ತಿ ಸಚಿವರ ಸಹಿಗೆ ಬರುತ್ತವೆ. ಆರು ತಿಂಗಳಿನಿಂದ ಮೇಜಿನ ಮೇಲೆ ಮಲಗಿದ್ದ ಬಿಲ್ಲೊಂದು ಈ ಹಂತದಲ್ಲಿಯೇ ಪಾವತಿಯಾಗುವುದುಂಟು. ಏಕೆ ಪಾವತಿಸಿಲ್ಲವೆಂದು ಸದನಕ್ಕೆ ಬರೆಯುವುದಕ್ಕಿಂತ ಪಾವತಿಸಿ ‘ಬಾಕಿ ಇರುವುದಿಲ್ಲ’ ಎಂದು ಬರೆಯುವುದೇ ಅಧಿಕಾರಿಗೆ ಸುಲಭ. ಹೀಗಾದಾಗ ಪ್ರಶ್ನೆ ವ್ಯರ್ಥವಾಯಿತೆಂದು ಯಾರೂ ದುಃಖಿಸಬೇಕಾಗಿಲ್ಲ.

ಕರ್ನಾಟಕದ ಉತ್ತರಪತ್ರದ ನಮೂನೆ ಲೆಕ್ಕ ಬರೆಯುವವರಿಗೆ ಬಹು ಪರಿಚಿತವೆನಿಸುವಂತಹುದು. ಮೇಲ್ಗಡೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ ಮತ್ತು ಸಚಿವರು. ಕೆಳಗೆ ಎರಡು ಅಂಕಣ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯನ್ನು (ಅ), (ಆ), (ಇ), (ಈ) ಎಂದು ಭಾಗ ಮಾಡಿರುತ್ತಾರೆ. ಖರ್ಚು-ಜಮಾ ಹಾಳೆಯಂತೆ ಎರಡೂ ಬದಿ ತಾಳೆಯಾಗಬೇಕು. ಎಡಗಡೆ ಕೇಳಿದ್ದಕ್ಕೆ ಬಲಗಡೆ ಏನು ಬಿಟ್ಟುಹೋಗಿದೆ ಎಂಬುದನ್ನು ನೋಡುವುದೇ ಓದಿನ ಮೊದಲ ಕ್ರಮ.

ಪ್ರಶ್ನೆ ಬರೆಯುವುದೂ ಒಂದು ಲೆಕ್ಕಪರಿಶೋಧನೆ

ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಬೈಲಹೊಂಗಲದ ಫ್ಯಾಬ್ರಿಕೇಶನ್ ಘಟಕವೊಂದು ಇಲಾಖೆಯ ವಿದ್ಯಾರ್ಥಿನಿಲಯಗಳಿಗೆ ಕಬ್ಬಿಣದ ಮಂಚ, ಬೆಂಚುಗಳನ್ನು ಪೂರೈಸಿದೆ. ಮಾಲು ಸ್ವೀಕೃತವಾಗಿ ವರ್ಷ ಕಳೆದರೂ ಹಣ ಬಂದಿಲ್ಲ. ಬ್ಯಾಂಕಿನ ಬಡ್ಡಿ ಮಾತ್ರ ತಿಂಗಳು ತಪ್ಪದೆ ಏರುತ್ತಿದೆ, ಜಿ.ಎಸ್.ಟಿ.ಯನ್ನೂ ಕೈಯಿಂದ ಕಟ್ಟಿಯಾಗಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ 15ನೆಯ ಕಲಮಿನ ಪ್ರಕಾರ, ಬರಹದಲ್ಲಿ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಮಾಸಿಕ ಚಕ್ರಬಡ್ಡಿಯ ಲೆಕ್ಕದಲ್ಲಿ ಕೊಡಬೇಕೆಂದು 16ನೆಯ ಕಲಮು ಹೇಳುತ್ತದೆ. ಖಾಸಗಿ ಖರೀದಿದಾರರ ಮೇಲೆ ಇನ್ನೊಂದು ಒತ್ತಡವೂ ಇದೆ. 2024-25ರ ಕರನಿರ್ಧಾರಣಾ ವರ್ಷದಿಂದ ಜಾರಿಗೆ ಬಂದ, 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಉಪಬಂಧದಂತೆ, ಅವಧಿ ಮೀರಿದ ಬಾಕಿಯನ್ನು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ತೋರಿಸಬಹುದು. ಆದರೆ ಸರ್ಕಾರಿ ಇಲಾಖೆ ಆದಾಯ ತೆರಿಗೆ ವಿವರಣೆ ಸಲ್ಲಿಸುವುದಿಲ್ಲ. ಆ ಕಲಮಿನ ಬಿಸಿ ಅದಕ್ಕೆ ತಟ್ಟುವುದಿಲ್ಲ. ಸೌಲಭ್ಯ ಪರಿಷತ್ತಿನ ಮುಂದೆ ದಾವೆ ಹೂಡುವ ದಾರಿಯುಂಟು. ಆದರೆ ಮುಂದಿನ ಟೆಂಡರನ್ನು ನೆನೆದು ಹಿಂಜರಿಯುವವರೇ ಹೆಚ್ಚು. (ಪ್ರಸಂಗವಶಾತ್ ಒಂದು ಎಚ್ಚರಿಕೆ: 2021ರ ಜುಲೈನಿಂದ ಸಗಟು ಮತ್ತು ಚಿಲ್ಲರೆ ವರ್ತಕರಿಗೂ ಉದ್ಯಮ್ ನೋಂದಣಿ ದೊರೆಯುತ್ತಿದೆಯಾದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ವಿಳಂಬ ಪಾವತಿಯ ರಕ್ಷಣೆ ಅವರಿಗೆ ಇಲ್ಲ. ಸರ್ಕಾರಕ್ಕೆ ಮಾರುವ ವರ್ತಕನಿಗೆ ಸದನದ ಪ್ರಶ್ನೆಯ ಅಗತ್ಯ ತಯಾರಕನಿಗಿಂತ ಹೆಚ್ಚೆಂದೇ ಹೇಳಬೇಕು.)

ಇಂತಹ ಸಂದರ್ಭದಲ್ಲಿ ‘ಬೆಳಗಾವಿ ಜಿಲ್ಲೆಯ ಸಣ್ಣ ಕೈಗಾರಿಕೆಗಳ ಸಮಸ್ಯೆಗಳು ಸರ್ಕಾರದ ಗಮನಕ್ಕೆ ಬಂದಿವೆಯೇ?’ ಎಂದು ಕೇಳಿದರೆ, ‘ಬಂದಿವೆ, ಸರ್ಕಾರ ಅವುಗಳ ಅಭಿವೃದ್ಧಿಗೆ ಬದ್ಧವಾಗಿದೆ’ ಎಂಬ ಉತ್ತರ ಬರುತ್ತದೆ. ಅದನ್ನು ಚೌಕಟ್ಟು ಹಾಕಿಸಿ ತೂಗುಹಾಕಬಹುದು, ಬ್ಯಾಂಕಿಗೆ ತೋರಿಸಲಾಗದು. ಅದರ ಬದಲು ಪ್ರಶ್ನೆಯನ್ನು ಹೀಗೆ ಕಟ್ಟಬೇಕು:

(ಅ) ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಇಲಾಖೆಗೆ ಸಾಮಗ್ರಿ ಪೂರೈಸಿದ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸಂಖ್ಯೆ ಎಷ್ಟು;

(ಆ) ಮಾರ್ಚ್ 31ಕ್ಕೆ ಇದ್ದಂತೆ, ಸಾಮಗ್ರಿ ಸ್ವೀಕರಿಸಿ 45 ದಿನಗಳು ಮೀರಿದರೂ ಪಾವತಿಯಾಗದ ಬಿಲ್ಲುಗಳ ಸಂಖ್ಯೆ ಮತ್ತು ಮೊತ್ತವೆಷ್ಟು. (ತಾಲ್ಲೂಕುವಾರು ವಿವರ ನೀಡುವುದು)

(ಇ) ಈ ಪೈಕಿ ಎಷ್ಟು ಪ್ರಕರಣಗಳಲ್ಲಿ 2006ರ ಕಾಯ್ದೆಯ 16ನೆಯ ಕಲಮಿನಂತೆ ಬಡ್ಡಿ ಪಾವತಿಸಲಾಗಿದೆ;

(ಈ) ಸದರಿ ಬಾಕಿಗೆ ಯಾವ ಲೆಕ್ಕಶೀರ್ಷಿಕೆಯಡಿ ಎಷ್ಟು ಅನುದಾನ ಬಿಡುಗಡೆಯಾಗಿದೆ, ಎಷ್ಟು ವೆಚ್ಚವಾಗಿದೆ, ಉಳಿದುದನ್ನು ಯಾವ ದಿನಾಂಕದೊಳಗೆ ಪಾವತಿಸಲಾಗುವುದು?

ಇಲ್ಲಿ ಆರೋಪವಿಲ್ಲ, ವಾದವಿಲ್ಲ, ಯಾವ ಅಧಿಕಾರಿಯ ಹೆಸರೂ ಇಲ್ಲ. ಅವಧಿ, ಪ್ರದೇಶ, ದಿನಾಂಕ, ಮೊತ್ತ, ಇಷ್ಟೇ. ಪ್ರಶ್ನೆಯಲ್ಲಿ ವಾದ, ಊಹೆ, ವ್ಯಂಗ್ಯ, ಮಾನಹಾನಿಕರ ಮಾತು ಇರಬಾರದೆಂಬುದು ಸದನದ ನಿಯಮವೂ ಹೌದು. ಸಿಟ್ಟಿನಿಂದ ಬರೆದ ಪ್ರಶ್ನೆ ಸಭಾಧ್ಯಕ್ಷರ ಕಚೇರಿಯನ್ನು ದಾಟುವುದಿಲ್ಲ. (ಆ) ಮತ್ತು (ಈ) ಭಾಗಗಳು ಪರಸ್ಪರ ತಾಳೆ ನೋಡಲು ಇಟ್ಟವು. ಅನುದಾನ ಉಳಿದಿದ್ದು ಬಿಲ್ಲೂ ಬಾಕಿಯಿದ್ದರೆ ‘ಅನುದಾನದ ಕೊರತೆ’ ಎಂಬ ಕಾರಣ ಅಲ್ಲಿಗೇ ಬಿದ್ದುಹೋಗುತ್ತದೆ. ಒಂದೇ ಘಟಕದ ಬಾಕಿಯನ್ನು ಕೇಳದೆ ನಾಲ್ಕು ತಾಲ್ಲೂಕುಗಳದ್ದನ್ನು ಕೇಳುವುದರಲ್ಲಿಯೂ ವಿವೇಕವಿದೆ. ಪೂರೈಕೆದಾರನ ಹೆಸರು ಬಯಲಾಗುವುದಿಲ್ಲ, ಪ್ರಶ್ನೆಯೂ ವ್ಯಕ್ತಿಗತ ಅಹವಾಲೆನಿಸಿ ತಿರಸ್ಕೃತವಾಗುವುದಿಲ್ಲ.

ಬಂದ ಉತ್ತರವನ್ನು ಓದುವ ಬಗೆ

ಉತ್ತರಗಳ ಭಾಷೆಗೆ ತನ್ನದೇ ನಿಘಂಟಿದೆ. ‘ಉದ್ಭವಿಸುವುದಿಲ್ಲ’ ಎಂದರೆ ಹಿಂದಿನ ಭಾಗಕ್ಕೆ ‘ಇಲ್ಲ’ ಎಂದು ಹೇಳಿದ್ದರಿಂದ ಇದಕ್ಕೆ ಉತ್ತರ ಬೇಕಿಲ್ಲ ಎಂದರ್ಥ. ಆದುದರಿಂದ ಹಿಂದಿನ ‘ಇಲ್ಲ’ ನಿಜವೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ‘ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ವಹಿಸಲಾಗುವುದು’ ಎಂದರೆ ದಿನಾಂಕ ಕೊಟ್ಟಿಲ್ಲ ಎಂದರ್ಥ. ‘ಮಾಹಿತಿಯನ್ನು ಸಂಗ್ರಹಿಸಿ ಒದಗಿಸಲಾಗುವುದು’ ಎಂಬುದನ್ನು ಬಹಳ ಜನ ಜಾರಿಕೆಯೆಂದು ಬಗೆದು ಬಿಟ್ಟುಬಿಡುತ್ತಾರೆ. ವಾಸ್ತವವಾಗಿ ಅದೊಂದು ಭರವಸೆ. ಸಚಿವರು ಸದನಕ್ಕೆ ಕೊಟ್ಟ ಭರವಸೆಗಳನ್ನು ಬೆನ್ನಟ್ಟಲು ಉಭಯ ಸದನಗಳಲ್ಲಿಯೂ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸಂಸತ್ತಿನಲ್ಲಿ ಭರವಸೆಯನ್ನು ಈಡೇರಿಸಲು ಮೂರು ತಿಂಗಳ ಅವಧಿ ಇಟ್ಟಿದ್ದಾರೆ. ಅವಧಿ ಮೀರಿದ ಭರವಸೆಯನ್ನು ಸಂಬಂಧಿಸಿದ ಸದಸ್ಯರಿಗೆ ನೆನಪಿಸುವ ಕೆಲಸ ಬಾಕಿದಾರನಿಗೆ ತಗಾದೆ ಮಾಡುವುದಕ್ಕಿಂತ ಕಷ್ಟದ್ದಲ್ಲ. ಇನ್ನು ಅನುಬಂಧ. ಒಂದೆರಡು ಸಾಲಿನ ಉತ್ತರದ ಹಿಂದೆ ಹತ್ತಾರು ಪುಟಗಳ ತಾಲ್ಲೂಕುವಾರು ಪಟ್ಟಿ ಇರುತ್ತದೆ, ಸತ್ವವೆಲ್ಲ ಅಲ್ಲಿಯೇ. ವಿಧಾನಮಂಡಲದ ಮತ್ತು ಸಂಸತ್ತಿನ ಜಾಲತಾಣಗಳಲ್ಲಿ ಈ ಉತ್ತರಗಳು ಯಾರಿಗೂ ಲಭ್ಯ.

ತಪ್ಪು ಮಾಹಿತಿ ಕೊಟ್ಟಿದ್ದರೆ ಸಚಿವರು ಸದನದಲ್ಲಿ ಅದನ್ನು ತಿದ್ದಬೇಕು. ಬೇಕೆಂದೇ ದಾರಿ ತಪ್ಪಿಸಿದ್ದರೆ ಅದು ಹಕ್ಕುಚ್ಯುತಿ. ಮಾಹಿತಿ ಹಕ್ಕು ಕಾಯ್ದೆಯಡಿ ಬರುವ ಉತ್ತರಕ್ಕೂ ಇದಕ್ಕೂ ಇರುವ ಭೇದ ಇದೇ. 2005ರ ಆ ಕಾಯ್ದೆಯಿಂದ ಕಡತದ ಪ್ರತಿ ದೊರೆಯುತ್ತದೆ, ಅದರ ಕೆಳಗೆ ಮಾಹಿತಿ ಅಧಿಕಾರಿಯ ಸಹಿ ಇರುತ್ತದೆ. ಪ್ರಶ್ನೆಯಿಂದ ಸಚಿವರ ಮಾತು ದೊರೆಯುತ್ತದೆ. ಮೊದಲು ಕಡತ ಪಡೆದು, ಅದರ ಆಧಾರದ ಮೇಲೆ ಪ್ರಶ್ನೆ ಸಿದ್ಧಪಡಿಸುವುದು ಉತ್ತಮ ಕ್ರಮ.

ಲಿಖಿತ ದಾಖಲೆಯಾಗಿ ಉಳಿದ ಒಂದು ಉತ್ತರ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಮುಂದ್ರಾ ಪ್ರಕರಣ ಸಾಕ್ಷಿ. 1957ರಲ್ಲಿ ಲೋಕಸಭೆಯ ಸದಸ್ಯ ರಾಮ್ ಸುಭಗ್ ಸಿಂಗ್ ಅವರು, ಜೀವ ವಿಮಾ ನಿಗಮವು ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರುಗಳನ್ನು ಕೊಂಡಿದೆಯೇ ಎಂದು ಕೇಳಿದರು. ಫಿರೋಜ್ ಗಾಂಧಿಯವರು ಆಡಳಿತ ಪಕ್ಷದವರಾಗಿದ್ದೂ ಉತ್ತರಗಳನ್ನು ಹಿಡಿದು ಸಾಲುಸಾಲಾಗಿ ಬಿಡಿಸಿದರು. ಆರು ಕಂಪನಿಗಳಲ್ಲಿ ಸುಮಾರು 1.24 ಕೋಟಿ ರೂಪಾಯಿ ತೊಡಗಿಸಿದ ವಿಚಾರ ಹೊರಬಿತ್ತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಅವರ ಏಕಸದಸ್ಯ ಆಯೋಗ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ನೀಡಿದರು.

ಯಾರನ್ನು ಕೇಳಬೇಕು

ಪ್ರಶ್ನೆ ಸರಿಯಿದ್ದೂ ಬಾಗಿಲು ತಪ್ಪಾದರೆ ಫಲವಿಲ್ಲ. ಧಾರವಾಡ–ಕಿತ್ತೂರು–ಬೆಳಗಾವಿ ರೈಲುಮಾರ್ಗವನ್ನೇ ನೋಡಬಹುದು. ಈಗಿನ ಮಾರ್ಗ ಲೋಂಡಾ ಸುತ್ತಿ ಹೋಗುತ್ತದೆ. ಸುಮಾರು 73 ಕಿಲೋಮೀಟರಿನ ನೇರ ಮಾರ್ಗಕ್ಕೆ 2020-21ರಲ್ಲಿ, ಬೆಳಗಾವಿಯ ಸಂಸದರಾಗಿದ್ದ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ, ಸುಮಾರು 927 ಕೋಟಿ ರೂಪಾಯಿ ಅಂದಾಜಿನಲ್ಲಿ ಮಂಜೂರಾತಿ ದೊರೆಯಿತು. ಕಾಮಗಾರಿಯ ವೆಚ್ಚದಲ್ಲಿ ಅರ್ಧ ರಾಜ್ಯದ್ದು, ಭೂಮಿಯನ್ನು ಉಚಿತವಾಗಿ ಒದಗಿಸುವ ಹೊಣೆಯೂ ರಾಜ್ಯದ್ದು. ಹೀಗಾಗಿ ಸಂಸತ್ತಿನಲ್ಲಿ ಕೇಳಿದರೆ ರೈಲ್ವೆ ಸಚಿವಾಲಯ ಭೂಮಿಯ ಕಡೆ ಬೊಟ್ಟು ಮಾಡಬಹುದು, ವಿಧಾನಸಭೆಯಲ್ಲಿ ಕೇಳಿದರೆ ಇದು ಕೇಂದ್ರದ ಯೋಜನೆಯೆಂಬ ಮಾತು ಬರಬಹುದು. ಎರಡೂ ಕಡೆ ಏಕಕಾಲಕ್ಕೆ ಕೇಳಬೇಕು: ಸಂಸತ್ತಿನಲ್ಲಿ ಹಣ ಮತ್ತು ಟೆಂಡರು, ವಿಧಾನಸಭೆಯಲ್ಲಿ ಭೂಸ್ವಾಧೀನದ ಎಕರೆ ಮತ್ತು ಪರಿಹಾರ. ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟರೆ ಗಾಡಿ ಎಲ್ಲಿ ನಿಂತಿದೆಯೆಂಬುದು ತಾನಾಗಿಯೇ ಕಾಣುತ್ತದೆ. ಇಲ್ಲಿ ಇನ್ನೊಂದು ತೊಡಕು ಹಲವರ ಗಮನಕ್ಕೆ ಬಂದಿರಲಾರದು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳು ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿವೆ. ಕಿತ್ತೂರು ಮಾತ್ರ ಉತ್ತರ ಕನ್ನಡ ಕ್ಷೇತ್ರಕ್ಕೆ ಸೇರಿದೆ. ಕಿತ್ತೂರಿನ ವರ್ತಕರು ಬೆಳಗಾವಿಯ ಸಂಸದರಿಗೆ ಮಾತ್ರ ಪತ್ರ ಬರೆದು ಸುಮ್ಮನಾದರೆ ತಮ್ಮ ಪ್ರತಿನಿಧಿಯನ್ನೇ ಬಿಟ್ಟಂತಾಯಿತು. ಲೋಕಾಪುರ–ರಾಮದುರ್ಗ–ಸವದತ್ತಿ–ಧಾರವಾಡ ಮಾರ್ಗದ ಹಳೆಯ ಬೇಡಿಕೆಗೂ ಇದೇ ಕ್ರಮ ಹೊಂದುತ್ತದೆ: ‘ಯಾವಾಗ ಮಾಡುವಿರಿ’ ಎನ್ನುವುದಕ್ಕಿಂತ, ಸಮೀಕ್ಷೆಯಲ್ಲಿ ಸರಕು ಸಾಗಣೆಯ ಅಂದಾಜು ಎಷ್ಟು ಟನ್ನು, ಯಾವ ವರ್ಷದ ಅಂಕಿಗಳ ಮೇಲೆ ಲಾಭಾಂಶ ಲೆಕ್ಕ ಹಾಕಿದ್ದೀರಿ ಎಂದು ಕೇಳುವುದು ಹೆಚ್ಚು ಉಪಯುಕ್ತ. ಹತ್ತಿ, ಕಡಲೆ, ಸಕ್ಕರೆಯ ನಿಜವಾದ ಸಾಗಣೆಯ ಲೆಕ್ಕ ಅಡತಿ ಅಂಗಡಿಗಳ ಕೀರ್ದಿಯಲ್ಲಿಯೇ ಇದೆಯಲ್ಲವೆ?

ಪ್ರಶ್ನೆಗೆ ಮಿತಿಯೂ ಉಂಟು. ನ್ಯಾಯಾಲಯದ ವಿಚಾರಣೆಯಲ್ಲಿರುವ ವಿಷಯದ ಬಗ್ಗೆ ತೀರ್ಪನ್ನು ಪ್ರಭಾವಿಸುವಂತೆ ಕೇಳಲಾಗದು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಮಲಪ್ರಭೆಗೆ 3.90 ಟಿ.ಎಂ.ಸಿ. ತಿರುಗಿಸಲು ಅವಕಾಶವಿತ್ತಿತು, 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಕಳಸಾ–ಬಂಡೂರಿಯ ಯೋಜನಾ ವರದಿಯನ್ನು ಒಪ್ಪಿತು. ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿರುವುದರಿಂದ ಹಂಚಿಕೆಯ ಸರಿತಪ್ಪನ್ನು ಪ್ರಶ್ನೆಯಾಗಿ ಕೇಳುವುದು ಕಷ್ಟ. ಆದರೆ ಅರಣ್ಯ ಮತ್ತು ವನ್ಯಜೀವಿ ಅನುಮತಿಗೆ ರಾಜ್ಯವು ಯಾವ ದಿನಾಂಕದಂದು ಯಾವ ದಾಖಲೆ ಸಲ್ಲಿಸಿತು ಎಂದು ಕೇಳಲು ಯಾವ ಅಡ್ಡಿಯೂ ಇಲ್ಲ. 2019ರ ಆಗಸ್ಟಿನ ಮಲಪ್ರಭಾ ಮಹಾಪೂರದಲ್ಲಿ ಮುಳುಗಿದ ರಾಮದುರ್ಗ ಭಾಗದ ಅಂಗಡಿ, ಮಗ್ಗಗಳ ಪರಿಹಾರದ ಬಗ್ಗೆಯೂ ಹೀಗೆಯೇ: ಎಷ್ಟು ಅರ್ಜಿ ಬಂದವು, ಎಷ್ಟು ತಿರಸ್ಕೃತವಾದವು, ಯಾವ ಕಾರಣಕ್ಕೆ.

ಮತ್ತೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಪ್ರಶ್ನೆಗೆ ಬೆಲೆ ಕಟ್ಟುವ ಯಾವ ಮಧ್ಯವರ್ತಿಯನ್ನೂ ವರ್ತಕರು ಅಂಗಡಿಯ ಹೊಸ್ತಿಲೊಳಗೆ ಬಿಟ್ಟುಕೊಳ್ಳಬಾರದು. ಪ್ರಶ್ನೆ ಕೇಳಲು ಹಣ ಪಡೆದರೆಂಬ ಕಾರಣಕ್ಕೆ 2005ರ ಡಿಸೆಂಬರಿನಲ್ಲಿ ಲೋಕಸಭೆಯ ಹತ್ತು ಮತ್ತು ರಾಜ್ಯಸಭೆಯ ಒಬ್ಬ ಸದಸ್ಯರು ಉಚ್ಚಾಟಿತರಾದರು. 2007ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಎತ್ತಿಹಿಡಿಯಿತು. ಪ್ರತಿಸ್ಪರ್ಧಿಯ ವ್ಯಾಪಾರ ಕೆಡಿಸಲು ಪ್ರಶ್ನೆ ಬರೆಸುವುದೂ ಅದೇ ಜಾತಿಯ ಕೆಲಸ. ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಚರ್ಚಿಸಿ, ನಡವಳಿ ಪುಸ್ತಕದಲ್ಲಿ ಬರೆದು, ಅಧ್ಯಕ್ಷರ ಸಹಿಯೊಡನೆ ಶಾಸಕರಿಗೆ ಬಹಿರಂಗವಾಗಿ ಕಳುಹಿಸಿದ ಕರಡು ಪ್ರಶ್ನೆಯ ಬಗ್ಗೆ ಯಾರೂ ಬೆರಳು ತೋರಿಸಲಾರರು. ಕೇಳುವುದೂ ಬಿಡುವುದೂ ಸದಸ್ಯರ ವಿವೇಚನೆಗೆ ಬಿಟ್ಟದ್ದು.

ಕೊನೆಯದಾಗಿ ಕಾಲದ ಲೆಕ್ಕ. ಪ್ರಶ್ನೆಯ ಸೂಚನೆಯನ್ನು ಉತ್ತರದ ದಿನಕ್ಕೆ ಸಾಕಷ್ಟು ಮೊದಲೇ ಕೊಡಬೇಕು. ಲೋಕಸಭೆಯಲ್ಲಿ ಅದು ಕನಿಷ್ಠ 15 ಪೂರ್ಣ ದಿನಗಳು. ಇಲಾಖೆಗಳನ್ನು ಗುಂಪುಗಳಾಗಿ ವಿಂಗಡಿಸಿ ವಾರದ ಒಂದೊಂದು ದಿನವನ್ನು ಒಂದೊಂದು ಗುಂಪಿಗೆ ಮೀಸಲಿಟ್ಟಿರುತ್ತಾರೆ. ಹತ್ತು ದಿನಗಳ ಅಧಿವೇಶನವಾದರೆ ಒಂದು ಇಲಾಖೆಯ ಸರದಿ ಎರಡೇ ಬಾರಿ ಬರುತ್ತದೆ. ಡಿಸೆಂಬರಿನಲ್ಲಿ ಸುವರ್ಣಸೌಧದಲ್ಲಿ ಅಧಿವೇಶನ ಆರಂಭವಾದ ಮೇಲೆ ಮನವಿ ಹಿಡಿದು ಹೆದ್ದಾರಿಯಲ್ಲಿ ನಿಂತವರಿಗೆ ಆ ಅಧಿವೇಶನದಲ್ಲಿ ಉತ್ತರ ದೊರೆಯುವ ಸಂಭವ ಕಡಿಮೆ. ಅರ್ಧವಾರ್ಷಿಕ ಲೆಕ್ಕ ತೆಗೆಯುವ ಅಕ್ಟೋಬರಿನಲ್ಲಿಯೇ ಬಾಕಿ ಬಿಲ್ಲುಗಳ ಪಟ್ಟಿಯನ್ನು ತಾಲ್ಲೂಕುವಾರು ಸಿದ್ಧಪಡಿಸಿ, ದೀಪಾವಳಿಯ ಖಾತೆ ಪೂಜೆ ಮುಗಿದೊಡನೆ ಕರಡು ಪ್ರಶ್ನೆಗಳನ್ನು ನಾಲ್ಕೂ ಕ್ಷೇತ್ರಗಳ ಶಾಸಕರಿಗೂ ಪರಿಷತ್ ಸದಸ್ಯರಿಗೂ ತಲುಪಿಸತಕ್ಕದ್ದು.